ಹೊಸ ಕ್ಯಾಮೆರಾ, ಅರ್ಧ ಲೋಟ ಕಾಫಿ

ಮದುವೆಯಾಗಿ ಮೂವತ್ತು ವರ್ಷ ತುಂಬು ಲೋಟ ಕಾಫಿ ಕೊಟ್ಟ ಹೆಂಡತಿ ಇದ್ದಕ್ಕಿದ್ದಂತೆ ಅರ್ಧ ಲೋಟಕ್ಕೆ ಇಳಿದರೆ ಯಾವ ಗಂಡಸು ತಾನೇ ಸುಮ್ಮನಿರುತ್ತಾನೆ? ಗಡಿಯಾರದವರು ಸುಮ್ಮನಿದ್ದರು. (ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ, ನೀವೂ ಸಂಸಾರಸ್ಥರೇ.) ಒಮ್ಮೆ ಮಾತ್ರ ಗಂಟಲು ಸರಿಮಾಡಿಕೊಂಡು, "ಅಲ್ವೇ, ಲೋಟ ದೊಡ್ಡದಾಯ್ತೋ, ಕಾಫಿ ಚಿಕ್ಕದಾಯ್ತೋ?" ಎಂದು ಕೇಳಿದ್ದರು.

"ಒಂದು ಸಲಕ್ಕೆ ಅಷ್ಟು ಸಾಕು ರೀ. ಬೇಕಾದ್ರೆ ಇನ್ನೊಂದು ಸಲ ಕೊಡ್ತೀನಿ" ಎಂದಳು ಹೆಂಡತಿ.

ಇನ್ನೊಂದು ಸಲ ಕೊಟ್ಟದ್ದೂ ಅರ್ಧವೇ. ಎರಡು ಅರ್ಧ ಸೇರಿದರೆ ಒಂದಾಗುತ್ತದೆ ಎಂದು ಶಾಲೆಯಲ್ಲಿ ಕಲಿಸುತ್ತಾರಲ್ಲ, ಆ ಮೇಷ್ಟ್ರು ಯಾರೂ ಕಾಫಿ ಕುಡಿದವರಲ್ಲ. ಹೀಗೆ ಮೂರು ವರ್ಷ ಕಳೆದಿತ್ತು. ಹೆಂಡತಿಗೆ ವಯಸ್ಸಾಗುತ್ತಾ ಜಿಪುಣತನ ಹತ್ತಿದೆ ಎಂದು ಅವರು ಮನಸ್ಸಿನಲ್ಲೇ ತೀರ್ಪು ಬರೆದುಕೊಂಡಿದ್ದರು.

ನಲವತ್ತು ವರ್ಷ ಅವರು ಮಾರುಕಟ್ಟೆ ಬೀದಿಯಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಕೂತು ಕೈಗಡಿಯಾರ ರಿಪೇರಿ ಮಾಡಿದವರು. ಅಂಗಡಿ ಎಷ್ಟು ಚಿಕ್ಕದೆಂದರೆ, ಕೋಪ ಬಂದರೆ ಎದ್ದು ನಿಲ್ಲುವುದಕ್ಕೂ ಹೊರಗೆ ಬರಬೇಕು. ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ, ಅವರು ಉಂಡು ಮುಗಿಸುವವರೆಗೆ ಹೊರಗಿನ ಸ್ಟೂಲಿನ ಮೇಲೆ ಕೂತು, ಎಳ್ಳಿಗಿಂತ ಸಣ್ಣ ಸ್ಕ್ರೂಗಳನ್ನು ಚಿಮುಟದಲ್ಲಿ ಎತ್ತಿ ಎತ್ತಿ ಬೇರೆ ಮಾಡಿ ಇಡುತ್ತಿದ್ದಳು. ಬಂದ ಗಿರಾಕಿಗಳಿಗೆಲ್ಲ ಗಡಿಯಾರದವರ ಉಪದೇಶ ಒಂದೇ: "ಗಡಿಯಾರ ತಪ್ಪು ತೋರಿಸಿದ್ರೆ ಮುಳ್ಳನ್ನ ಬಯ್ಯಬೇಡಿ. ಮೊದಲು ಒಳಗೆ ನೋಡಿ."

ಕೈಗೆ ಗಡಿಯಾರ ಕಟ್ಟುವವರೇ ಕಡಿಮೆಯಾದ ಮೇಲೆ ಅಂಗಡಿ ಮುಚ್ಚಿತು. ವಿದ್ಯೆ ಎಲ್ಲಿ ಹೋಗುತ್ತದೆ? ಮನೆಯ ಊಟದ ಮೇಜಿನ ಮುಂದೆ ಕೂತು, ಹಳೆಯ ಗಡಿಯಾರಗಳನ್ನು ಬಿಚ್ಚಿ ಜೋಡಿಸುವ ವಿಡಿಯೋ ಮಾಡತೊಡಗಿದರು. ಬೋರಲು ಹಾಕಿದ ಸಕ್ಕರೆ ಡಬ್ಬಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ ಫೋನೇ ಕ್ಯಾಮೆರಾ. ಹೆಂಡತಿಯೇ ಛಾಯಾಗ್ರಾಹಕಿ, ಸಹನಿರ್ದೇಶಕಿ, ಕುಕ್ಕರ್ ಕೂಗಿದರೆ ಓಡುವವಳು. ನೋಡುಗರು ಇನ್ನೂರ ಹನ್ನೊಂದು ಜನ. (ಬೀಗರ ಕಡೆಯವರನ್ನು ಕಳೆದರೆ ನೂರ ತೊಂಬತ್ತು.) ಆದರೂ ಅವರಿಗೆ ಅದೇ ಜೀವ. ತಮ್ಮ ಕೈಯ ಕೆಲಸ ತಮ್ಮೊಂದಿಗೇ ಮಣ್ಣಾಗಬಾರದು ಎಂಬ ಆಸೆ, ಬಾಯಿಬಿಟ್ಟು ಹೇಳದಿದ್ದರೂ, ಅವರಿಗೆ ಬಹಳವಿತ್ತು.

ನೂರನೆಯ ವಿಡಿಯೋಕ್ಕೆ ಒಂದು ಗಡಿಯಾರ ಕಾದಿತ್ತು. ಮದುವೆಯ ವರ್ಷ ಹೆಂಡತಿಗೆ ಕೊಟ್ಟಿದ್ದ, ಬೆರಳುಗುರಿನಷ್ಟು ಚಿಕ್ಕ ವಾಚು. ಅದು ನಿಂತೂ ಮೂರು ವರ್ಷವಾಗಿತ್ತು. ಕೇಳಿದಾಗಲೆಲ್ಲ ಗಡಿಯಾರದವರು, "ಇವತ್ತು ಬೆಳಕು ಸಾಲದು" ಎನ್ನುತ್ತಿದ್ದರು. ಮೂರು ವರ್ಷದಲ್ಲಿ ಒಂದು ದಿನವೂ ಬೆಳಕು ಸಾಕಾಗಿರಲಿಲ್ಲ.

ತೊಂಬತ್ತೊಂಬತ್ತನೆಯ ವಿಡಿಯೋ ಕೆಳಗೆ 'ನೇರನುಡಿ' ಎಂದು ಹೆಸರಿಟ್ಟುಕೊಂಡ ಒಬ್ಬ ಮಹಾಶಯ ಬರೆದ: "ವಿಷಯ ಚೆನ್ನಾಗಿದೆ. ಚಿತ್ರ ಮಾತ್ರ ಮಂಜು ಮಂಜು, ಅಲ್ಲಾಡುತ್ತೆ ಬೇರೆ. ಒಳ್ಳೆ ಕ್ಯಾಮೆರಾ ತಗೊಳ್ಳಿ ಸ್ವಾಮಿ."

"ನೋಡಿದ್ಯಾ?" ಎಂದು ಗಡಿಯಾರದವರು ಫೋನು ಹಿಡಿದುಕೊಂಡು ಅಡುಗೆಮನೆಗೇ ನುಗ್ಗಿದರು. "ಇಷ್ಟು ದಿನ ನನ್ನ ಕೆಲಸ ಹಾಳು ಮಾಡಿದ್ದು ಈ ದರಿದ್ರ ಫೋನು!"

"ಅವನ ಕಣ್ಣೇ ಮಂಜಾಗಿರ್ಬೇಕು. ಇರೋದೇ ಸಾಕು ಬಿಡಿ."

"ಕಾಫಿನೂ ಸಾಕು, ಫೋನೂ ಸಾಕು. ನಿನ್ನ ಬಾಯಲ್ಲಿ 'ಬೇಕು' ಅನ್ನೋ ಮಾತೇ ಬರಲ್ವಾ?"

"ಬೇಕು. ಒಂದು ಸಲ ಡಾಕ್ಟರ್ ಹತ್ರ ಹೋಗಿ ಬರೋಣ, ಅದು ಬೇಕು."

"ಯಾಕೆ, ನಿಂಗೇನಾಗಿದೆ?"

"ನಂಗಲ್ಲ. ಇಬ್ಬರೂ. ಸುಮ್ನೆ, ತಪಾಸಣೆಗೆ."

"ನಾನು ಗುಂಡುಕಲ್ಲಿನ ಹಾಗಿದೀನಿ! ಕಲೆ ಅಂದ್ರೇನು ಅಂತ ಗೊತ್ತಿದ್ದಿದ್ರೆ ನೀನು ಹೀಗೆ ಮಾತಾಡ್ತಿರಲಿಲ್ಲ."

ಹೆಂಡತಿ ಒಲೆಯ ಕಡೆ ತಿರುಗಿದಳು. ಒಂದಕ್ಕೆ ನಾಲ್ಕು ತಿರುಗಿಸಿ ಕೊಡುವವಳು ಸುಮ್ಮನಾದಾಗ ಗೆದ್ದೆವೆಂದು ಹಿಗ್ಗುವ ಗಂಡಂದಿರ ಸಾಲಿಗೆ ಗಡಿಯಾರದವರೂ ಸೇರಿದರು.

ಕ್ಯಾಮೆರಾ ಅಂಗಡಿಯವನು ಬಿಳಿ ಬಟ್ಟೆಯಲ್ಲಿ ಒರೆಸಿ, ಮಗುವನ್ನು ತೋರಿಸುವಂತೆ ತೋರಿಸಿದ. "ಇದು ಸುಳ್ಳು ಹೇಳಲ್ಲ ಸಾರ್. ಇರುವೆಗೆ ಮೀಸೆ ಇದ್ರೆ ಮೀಸೆ ತೋರಿಸುತ್ತೆ. ಕ್ಯಾಮೆರಾನೇ ನಡುಗಿದ್ರೂ ಚಿತ್ರ ನಡುಗಲ್ಲ." ಗಡಿಯಾರದವರು ಕಬ್ಬಿಣದ ಸ್ಟ್ಯಾಂಡನ್ನೂ ಸೇರಿಸಿ ಕೊಂಡು, ದಿಗ್ವಿಜಯ ಮುಗಿಸಿದ ಮಹಾರಾಜರಂತೆ ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಚಿತ್ರೀಕರಣ. ಮೇಜಿನ ಮೇಲೆ ಹೆಂಡತಿಯ ಪುಟ್ಟ ವಾಚು. ಎಂದಿನಂತೆ ಹೆಂಡತಿ ಅಡುಗೆಮನೆಯಿಂದ ಬಂದು, "ಒಂದು ಸಲ ಒರೆಸ್ತೀನಿ" ಎಂದು ಕ್ಯಾಮೆರಾದ ಕಣ್ಣಿಗೆ ಬೆರಳು ತಂದಳು. "ಮುಟ್ಟಬೇಡ! ಕೈಯೆಲ್ಲಾ ಎಣ್ಣೆ!" ಎಂದು ಇವರು ಅಬ್ಬರಿಸಿದರು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಗೋಡೆಗೆ ಒರಗಿ ನಿಂತಳು. ಅವಳ ಮುಖ ಬಿಳಿಚಿದ್ದು ಇವರಿಗೆ ಕಾಣಲಿಲ್ಲ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದರು, ಇನ್ನೊಂದು ಕಣ್ಣನ್ನು ಮುಚ್ಚಿದ್ದರು.

ಹತ್ತು ನಿಮಿಷ ಚಿತ್ರ ತೆಗೆದು, ಟೀವಿಗೆ ಜೋಡಿಸಿ ಇಬ್ಬರೂ ಕೂತರು. ಆಹಾ! ಮೇಜಿನ ಮರದ ಗೆರೆ, ವಾಚಿನ ಹಲ್ಲುಹಲ್ಲಿನ ಚಕ್ರ, ಎಲ್ಲಾ ಕನ್ನಡಿ. ಆಮೇಲೆ ಬಲಗಡೆಯಿಂದ ಚಿಮುಟ ಬಂತು. ಅದು ನಡುಗುತ್ತಿತ್ತು.

"ಫ್ಯಾನು" ಎಂದರು ಗಡಿಯಾರದವರು. "ಫ್ಯಾನಿನಿಂದ ಸ್ಟ್ಯಾಂಡ್ ಅಲ್ಲಾಡ್ತಿದೆ."

ಹೆಂಡತಿ ಫ್ಯಾನು ಆರಿಸಿದಳು. ಮತ್ತೆ ತೆಗೆದರು. ನಡುಗಿತು.

"ಫ್ರಿಜ್ಜು."

ಫ್ರಿಜ್ಜೂ ಬಾಯಿ ಮುಚ್ಚಿತು. ಮತ್ತೆ ನಡುಗಿತು.

"ಮೇಲಿನ ಮನೆಯವರ ವಾಷಿಂಗ್ ಮಷೀನು!"

ಅವಳು ಮೆಟ್ಟಿಲು ಹತ್ತಿ ಹೋಗಿ, ಏನು ಹೇಳಿದಳೋ, ಅದನ್ನೂ ನಿಲ್ಲಿಸಿ ಬಂದಳು. ಇಡೀ ಕಟ್ಟಡ ಅವರಿಗಾಗಿ ಉಸಿರು ಹಿಡಿದುಕೊಂಡಿತು. ಅವರು ಚಿಮುಟ ಎತ್ತಿದರು, ತೆಗೆದರು, ಟೀವಿ ನೋಡಿದರು. ಮೇಜು ಅಲ್ಲಾಡುತ್ತಿರಲಿಲ್ಲ. ಮೇಜಿನ ಮೇಲಿನ ವಾಚೂ ಅಲ್ಲಾಡುತ್ತಿರಲಿಲ್ಲ. ಆ ಅಷ್ಟಗಲದ ಪರದೆಯಲ್ಲಿ ಅಲ್ಲಾಡುತ್ತಿದ್ದದ್ದು ಒಂದೇ, ಗಡಿಯಾರದವರ ಬಲಗೈ. ಚಿಮುಟದಿಂದ ಸ್ಕ್ರೂ ಜಾರಿತು, ಎತ್ತಿದರು, ಮತ್ತೆ ಜಾರಿತು. ಭೂತಗನ್ನಡಿಯೊಳಗೆ ತಾವು ಕಾಣದೇ ಹೋದದ್ದನ್ನು, ಅಥವಾ ಕಂಡೂ ಬೇಡವೆಂದದ್ದನ್ನು, ಕ್ಯಾಮೆರಾ ಎತ್ತಿ ಎದುರಿಗಿಟ್ಟಿತ್ತು.

ಅವರು ಟೀವಿ ಆರಿಸಿದರು. ಆಮೇಲೆ ಕೇಳಿದರು, "ಯಾವಾಗಿಂದ?"

"ಮೂರು ವರ್ಷ ಆಯ್ತು ರೀ."

"ಕಾಫಿ...?"

"ತುಂಬಿಸಿ ಕೊಟ್ರೆ ಅಂಗಿ ಮೇಲೆ ಚೆಲ್ಲಿಕೊಳ್ತಿದ್ರಿ. ಲೋಟ ಸರಿಯಿಲ್ಲ ಅಂತ ಎರಡು ಸಲ ಲೋಟ ಬದಲಾಯಿಸಿದ್ರಿ."

"ಮತ್ತೆ ಫೋನು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ದಿನಾ ಎಣ್ಣೆ ಬೆರಳಲ್ಲಿ ಒರೆಸ್ತಿದ್ದೆ. ಮಂಜಾಗಿದ್ರೆ ನಿಮಗೆ ಕಾಣಲ್ವಲ್ಲ ಅಂತ. ಅದೊಂದು ಹೋದ್ರೆ ನಿಮ್ಮ ಹತ್ರ ಇನ್ನೇನು ಉಳಿಯುತ್ತೆ ಅಂತ ಹೆದರಿಕೆ ಆಯ್ತು ರೀ."

ಬಯ್ಯಬೇಕೆಂದು ಗಡಿಯಾರದವರು ಬಾಯಿ ತೆರೆದರು. ಬಯ್ಗುಳ ಬರಲಿಲ್ಲ, ಅಳು ಬಂತು. ಅವರಿಗೆ ಭಯವಾಗಿತ್ತು. ನಲವತ್ತು ವರ್ಷ ಊರಿಗೆಲ್ಲಾ 'ಒಳಗೆ ನೋಡಿ' ಎಂದು ಹೇಳಿದವರು ಮೂರು ವರ್ಷ ಮುಳ್ಳನ್ನೇ ಬಯ್ದುಕೊಂಡು ಕೂತಿದ್ದರು.

ಡಾಕ್ಟರ ಬಳಿ ಹೋದದ್ದಾಯಿತು. ಅವರು ಕಾಗದ ಕೊಟ್ಟು ಸುರುಳಿ ಬರೆಯಲು ಹೇಳಿದರು. ಗಡಿಯಾರದೊಳಗಿನ ಸುರುಳಿ ಸ್ಪ್ರಿಂಗನ್ನು ಕಣ್ಣು ಮುಚ್ಚಿ ಸರಿ ಮಾಡುತ್ತಿದ್ದ ಕೈ ಒಂದು ಕಂಬಳಿಹುಳು ಬರೆಯಿತು. ಡಾಕ್ಟರು ಮಾತ್ರೆ ಬರೆದರು, "ಹೆಚ್ಚಾಗದ ಹಾಗೆ ನೋಡ್ಕೊಳ್ಳೋಣ" ಎಂದರು. ಮೊದಲಿನ ಹಾಗೆ ಆಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಹೊಸ ಕ್ಯಾಮೆರಾ ಹಳೆಯ ಟವೆಲ್ಲಿನಲ್ಲಿ ಸುತ್ತಿಸಿಕೊಂಡು ಬೀರು ಸೇರಿತು.

ಹನ್ನೆರಡನೆಯ ದಿನ ಅವರು ಸ್ನಾನ ಮುಗಿಸಿ ಬಂದಾಗ ಕ್ಯಾಮೆರಾ ಸ್ಟ್ಯಾಂಡಿನ ಮೇಲಿತ್ತು. ಮೇಜಿನ ಮುಂದೆ ಅವರ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು. ಅವಳ ಕಣ್ಣಿಗೆ ಅವರ ಭೂತಗನ್ನಡಿ, ಕೈಯಲ್ಲಿ ಅವರ ಚಿಮುಟ.

"ಇದೇನಿದು?"

"ನನ್ನ ವಾಚು ನಿಂತು ಮೂರು ವರ್ಷ ಆಯ್ತು. ನಿಮಗೆ ಬೆಳಕು ಸಾಲದು. ಹೇಳ್ತಾ ಹೋಗಿ, ನಾನು ಹಾಕ್ತೀನಿ."

"ತಮಾಷೆನಾ? ಅದು ತರಕಾರಿ ಹೆಚ್ಚಿದ ಹಾಗಲ್ಲ!"

"ಅಂಗಡಿ ಮುಂದೆ ಸ್ಟೂಲಿನ ಮೇಲೆ ಎಷ್ಟು ವರ್ಷ ಕೂತಿದೀನಿ ನಾನು? ಹೇಳಿ ರೀ, ಯಾವುದು ಮೊದಲು?"

ಅವರು ಹೇಳಿದರು. ಹೇಳಿದರು ಅನ್ನುವುದು ಮರ್ಯಾದೆಗೆ, ಕಿರುಚಿದರು. "ಬಲಕ್ಕೆ! ನಿನ್ನ ಬಲಕ್ಕಲ್ಲ, ವಾಚಿನ ಬಲಕ್ಕೆ!" "ವಾಚಿಗೆ ಬೇರೆ ಎಡ ಬಲ ಇದೆಯಾ?" "ಉಸಿರು ಬಿಡಬೇಡ!" "ಬಿಡದೆ ಸಾಯ್ಲಾ?" ಎರಡು ಗಂಟೆ ಹೀಗೇ ನಡೆಯಿತು. ಕೊನೆಯ ಸ್ಕ್ರೂವನ್ನು ಅವಳು ಚಿಮುಟದಲ್ಲಿ ಎತ್ತಿ ಒಂದೇ ಸಲಕ್ಕೆ ಅದರ ಜಾಗದಲ್ಲಿ ಕೂರಿಸಿದಳು. ಬೆರಳು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಒಳಗಿನ ಪುಟ್ಟ ಚಕ್ರ ಒಮ್ಮೆ ತಡೆದು, ಆಡತೊಡಗಿತು. ಗಡಿಯಾರದವರಿಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು. ಮೊದಲು ಆದದ್ದು ಹೊಟ್ಟೆಕಿಚ್ಚೇ.

ನೂರನೆಯ ವಿಡಿಯೋ ಹಾಕಿದರು. ಮೂರು ದಿನದಲ್ಲಿ ಹಿಂದಿನ ತೊಂಬತ್ತೊಂಬತ್ತನ್ನೂ ಸೇರಿಸಿದರೂ ಸಾಟಿಯಾಗದಷ್ಟು ಜನ ನೋಡಿದರು. ನಾಲ್ಕನೆಯ ದಿನ ಬೆಳಿಗ್ಗೆ ನೇರನುಡಿ ಮಹಾಶಯನ ಮಾತು ಬಂತು. ಗಡಿಯಾರದವರು ಫೋನನ್ನು ಮೇಜಿನ ಮೇಲಿಟ್ಟು ಓದಿಕೊಂಡರು:

"ಹೊಸ ಕ್ಯಾಮೆರಾ ಅದ್ಭುತ. ಕೈ ಅಂದ್ರೆ ಇದು ಕೈ! ಹಿಂದೆ ನಿಂತು ಒದರ್ತಿದಾನಲ್ಲ, ಏನೂ ಗೊತ್ತಿಲ್ಲದ ಆ ಮನುಷ್ಯ, ಅವನನ್ನ ಮಾತ್ರ ಮುಂದಿನ ಸಲ ದಯವಿಟ್ಟು ಆಚೆ ಕಳಿಸಿ."

"ಏನಂತೆ ಅವನದು?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಕ್ಯಾಮೆರಾ ಚೆನ್ನಾಗಿದೆಯಂತೆ" ಎಂದರು ಗಡಿಯಾರದವರು, ಮತ್ತು ಅವಳು ತಂದಿಟ್ಟ ಅರ್ಧ ಲೋಟ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು.