ಮದ್ರಾಸಿನ ತಲೆಯಾಟಕ್ಕೆ ಹೆದರಿದ ಗಾಯಕ

ನಾನು ಮೊದಲ ಸಲ ಮನೆ ಬಿಟ್ಟದ್ದು ಒಂದು ಸೋಮವಾರ, ಆರನೇ ಕ್ಲಾಸಿನ ಗಣಿತ ಪರೀಕ್ಷೆಯ ಬೆಳಿಗ್ಗೆ. ಶಾಲೆಯ ಕಡೆ ಹೋಗಬೇಕಾದ ಕಾಲು ಮಂಗಳೂರು ಬಸ್ಸು ಹತ್ತಿತು. ಆಮೇಲೆ ಒಂದು ಕಡೆ ನಿಂತವನಲ್ಲ. ಎಲ್ಲಿಗೆ ಹೋದರೂ ನಗುವಂಥದ್ದೇನಾದರೂ ನನಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತದೆ. ಎಂಬತ್ತರ ದಶಕದಲ್ಲಿ ಮದ್ರಾಸಿನ ಒಂದು ಸಂಗೀತ ಸಭಾದ ಕ್ಯಾಂಟೀನಿನಲ್ಲಿ ಕಾಫಿ ಹಾಕುತ್ತಿದ್ದಾಗಲಂತೂ ಒಂದೇ ಸಂಜೆ ಇಷ್ಟೆಲ್ಲ ನಡೆಯಿತು.

ಹೆಂಗಸು ಎಲ್ಲಿ?

ವಿದೇಶದಿಂದ ಒಬ್ಬ ಗಾಯಕ, ಜೊತೆಗೆ ನಾಲ್ವರು ವಾದ್ಯದವರು ಬಂದಿದ್ದರು. ಯುರೋಪಿನ ಬರೋಕ್ ಕಾಲದ, ಮುನ್ನೂರು ವರ್ಷ ಹಳೆಯ ಒಪೆರಾ ಹಾಡುಗಳು. ಗಾಯಕ ಆರಡಿ ಆಳು, ಎದೆಗೆ ತಾಗುವ ಗಡ್ಡ. ಬಾಯಿ ತೆರೆದರೆ ಹೆಣ್ಣಿನ ಸ್ವರ! ಅದೂ ಎಂಥದ್ದು, ನೇರ ಹಾಲ್‌ನ ಸೂರಿಗೇ ಹೋಗಿ ಮುಟ್ಟುವಂಥದ್ದು. ಇಂಥವರಿಗೆ ಕೌಂಟರ್ ಟೆನರ್ ಎನ್ನುತ್ತಾರಂತೆ. ನನಗೆ ಮೈ ಜುಮ್ಮೆಂದಿತು. ಕಾಫಿಯ ಡವರಾ ಹಿಡಿದವನು ಬಾಗಿಲಲ್ಲೇ ನಿಂತುಬಿಟ್ಟೆ.

ನಮ್ಮ ಸಪ್ಲೈಯರ್ ಮೊದಲು ಕೋಡಂಬಾಕ್ಕಂ ಸಿನಿಮಾ ಸ್ಟುಡಿಯೋದಲ್ಲಿ ಲೈಟ್ ಹಿಡಿಯುತ್ತಿದ್ದವ. "ಎಂಥ ಮರುಳು ಮಾರಾಯ ನೀನು! ಪ್ಲೇಬ್ಯಾಕ್ ಇದು. ಹಿಂದೆ ಹೆಂಗಸು ಕೂತಿರ್ತಾಳೆ" ಎಂದು ಪರದೆಯ ಹಿಂದೆ ನುಗ್ಗಿದ. ಬರುವಾಗ ಮುಖ ಸಪ್ಪೆ.

"ಇದ್ದಳಾ?"

"ಇದ್ದಳು. ನೆಲ ಗುಡಿಸ್ತಿದ್ದಳು. ಒಂಚೂರು ಹಾಡು ಅಂದೆ, ಪೊರಕೆ ಎತ್ತಿದಳು."

ಚ್ಚ್ ಚ್ಚ್

ಮುಂದಿನ ಸಾಲಿನಲ್ಲಿ ಒಬ್ಬ ಮಾಮಾ, ಊರಿನ ಯಾವ ಸಂಗೀತ ಕಚೇರಿಯನ್ನೂ ಬಿಡದವರು. ಆ ಹಾಡುಗಳಲ್ಲಿ ಮೊದಲ ಭಾಗ ಕೊನೆಗೆ ಮತ್ತೆ ಬರುತ್ತದೆ. ಆಗ ಗಾಯಕ ಬಳುಕು ಬೆಡಗು ಎಲ್ಲ ಸೇರಿಸಿ ಹಾಡುತ್ತಾನೆ. ಮಾಮಾ ಕರಗಿಹೋದರು. ತಲೆಯನ್ನು ಅಡ್ಡಡ್ಡ ಆಡಿಸುತ್ತ ನಾಲಿಗೆಯಲ್ಲಿ "ಚ್ಚ್ ಚ್ಚ್" ಎಂದರು. ಮದ್ರಾಸಿನಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ. ಹಿಂದಿನ ಸಾಲುಗಳೂ ಶುರು ಮಾಡಿದವು.

ಗಾಯಕನ ಮುಖ ಸುಣ್ಣವಾಯಿತು. ಅವನ ಊರಿನಲ್ಲಿ ತಲೆ ಅಡ್ಡ ಆಡಿಸಿದರೆ 'ಬೇಡ', ಚ್ಚ್ ಚ್ಚ್ ಎಂದರೆ 'ಅಯ್ಯೋ ಪಾಪ'. ಮಾಮಾ ಮೆಚ್ಚಿದಷ್ಟೂ ಅವನು ಬೆವರಿದ!

ಕಾಫಿಯ ಹೊತ್ತು

ನಮ್ಮ ಕಚೇರಿಗಳಲ್ಲಿ ಮೃದಂಗದವರು ಒಂಟಿಯಾಗಿ ನುಡಿಸುವ 'ತನಿ' ಶುರುವಾಯಿತೆಂದರೆ ಜನ ಕ್ಯಾಂಟೀನಿಗೆ ಏಳುವುದು ರೂಢಿ. ಇಲ್ಲೂ ಗಾಯಕ ಒಳಗೆ ಹೋಗಿ ವಾದ್ಯದವರು ಮಾತ್ರ ನುಡಿಸತೊಡಗಿದ್ದೇ ತಡ, ಅರ್ಧ ಹಾಲ್ ನನ್ನ ಮುಂದೆ! ಸಭಾದ ಕಾರ್ಯದರ್ಶಿ, ರೈಲ್ವೆಯಲ್ಲಿದ್ದ ಕನ್ನಡದವರು, ಓಡಿ ಬಂದರು.

"ಅಯ್ಯಯ್ಯೋ, ಹಾಲ್ ಕಾಲಿ ಆಗೋಯ್ತಲ್ಲಪ್ಪಾ! ಎನ್ನ ಮಾಮಾ ಇದು, ಏನಿದು?"

ಮಾಮಾ ಕಾಫಿ ಆರಿಸುತ್ತ, "ತನಿ ತಾನೇ!" ಎಂದರು. "ಪಾವಂ, ಪಾಪ, ಅವರನ್ನೂ ಕರೀರಿ. ಒಂದು ವಾಯ್, ಒಂದೇ ಗುಟುಕು ಕಾಫಿ ಕುಡೀಲಿ."

ಅಲ್ಲಾಡಬಾರದು

ಬಿಸಿನೀರು ಕೊಡಲು ಒಳಗೆ ಹೋದರೆ ಗಾಯಕ ಕೋಟು ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಿದ್ದ. ಇನ್ನು ಹಾಡುವುದಿಲ್ಲವಂತೆ. ಅಷ್ಟು ಚಂದದ ಸ್ವರ ಅರ್ಧಕ್ಕೇ ನಿಲ್ಲುವುದೇ? ನನಗೆ ತಡೆಯಲಿಲ್ಲ.

"ನೋ ಸಾರ್! ಚ್ಚ್ ಚ್ಚ್ ವೆರಿ ಗುಡ್! ಹೆಡ್ ಶೇಕ್ ವೆರಿ ವೆರಿ ಗುಡ್!" ಎಂದು ಬಂದಷ್ಟು ಇಂಗ್ಲಿಷಿನಲ್ಲಿ ಕುಣಿದು ತೋರಿಸಿದೆ. ಅವನ ಗಡ್ಡದೊಳಗೆ ನಗು ಮೂಡಿತು. ಕೋಟು ಮತ್ತೆ ಮೈಮೇಲೆ ಬಂತು.

ಅದೇ ಹೊತ್ತಿಗೆ ಹೊರಗೆ, ಗಾಯಕ ಯಾಕೆ ಹೆದರಿದನೆಂದು ಚಿಕ್ಕ ಪಿಟೀಲಿನವನಿಂದ ತಿಳಿದ ಕಾರ್ಯದರ್ಶಿಗಳು ಮೈಕಿನ ಮುಂದೆ ಕೈಮುಗಿದು ಬೇಡುತ್ತಿದ್ದರು: "ದಯವಿಟ್ಟು ಯಾರೂ ತಲೆ ಆಡಿಸಬೇಡಿ. ನಾಲಿಗೆಯೂ ಸುಮ್ಮನಿರಲಿ!"

ಗಾಯಕ ನಗುತ್ತ ಬಂದ, ಹಾಡಿದ. ಒಂದು ತಲೆ ಅಲುಗಲಿಲ್ಲ. ಇಡೀ ಹಾಲ್ ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ. ಮಾಮಾ ಎರಡೂ ಕೈಯಲ್ಲಿ ತಮ್ಮ ಗಲ್ಲ ಹಿಡಿದುಕೊಂಡಿದ್ದರು. ಗಾಯಕ ನನ್ನನ್ನು ನುಂಗುವ ಹಾಗೆ ನೋಡಿದ. ಸಿಟ್ಟೋ ದುಃಖವೋ, ಒಂದು ಸ್ವರವನ್ನು ಮೇಲೆತ್ತಿದ, ಇನ್ನೂ ಎತ್ತಿದ, ಉಸಿರಿರುವಷ್ಟೂ ಬಿಡಲಿಲ್ಲ. ಮಾಮಾರ ಕೈ ಜಾರಿತು.

"ಚ್ಚ್!"

ಕಟ್ಟೆ ಒಡೆಯಿತು. ಹಲ್ಲಿಗಳ ಮದುವೆಯ ಹಾಗೆ ಹಾಲ್ ತುಂಬ ಚ್ಚ್ ಚ್ಚ್ ಚ್ಚ್! ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದವರು ಕಾರ್ಯದರ್ಶಿಗಳೇ. ಗಾಯಕನಿಗೋ ಹಿಡಿಸಲಾರದ ಸಂತೋಷ. ಮೊಣಕಾಲ ನಡುವೆ ದೊಡ್ಡ ಪಿಟೀಲು ಹಿಡಿದು ಸೊಗಸಾಗಿ ನುಡಿಸುತ್ತಿದ್ದವನ ಕಡೆ ತಿರುಗಿ, ತಾನೂ ತಲೆ ಅಡ್ಡ ಆಡಿಸಿ "ಚ್ಚ್ ಚ್ಚ್" ಎಂದ. ಆ ಪುಣ್ಯಾತ್ಮನಿಗೆ ಯಾರೂ ಏನೂ ಹೇಳಿರಲಿಲ್ಲ. ಕಮಾನು ಕೆಳಗಿಟ್ಟವನೇ ಎದ್ದು ಬಂದು ಕ್ಯಾಂಟೀನಿನಲ್ಲಿ ಕೂತ.

ಮಾರನೆಯ ಬೆಳಿಗ್ಗೆ ಅವರ ವ್ಯಾನು ಪಾಂಡಿಚೇರಿಗೆ ಹೊರಟು ನಿಂತಿತ್ತು. ನಾನು ಪಂಚೆ, ಅಂಗಿ ಚೀಲಕ್ಕೆ ತುರುಕುತ್ತಿದ್ದೆ.

"ಮತ್ತೆ ಹೊರಟೆಯಾ ಮಾರಾಯ?" ಎಂದ ಸಪ್ಲೈಯರ್. "ಅವರ ಜೊತೆ ನಿನಗೆಂಥ ಕೆಲಸ?"

"ದೊಡ್ಡ ಪಿಟೀಲಿನವನಿಗೆ ದಾರಿಯುದ್ದಕ್ಕೂ ಸಮಾಧಾನ ಹೇಳುವುದು!"