ಸಕ್ಕರೆಗೆ ಬೀಗ

ಎಲ್ಲದಕ್ಕೂ ಕಾರಣ ಎರಡೂವರೆ ಚಮಚ ಸಕ್ಕರೆ.

ಆಫೀಸಿನ ಕಾಫಿ ಯಂತ್ರಕ್ಕೆ ಪ್ರೋಗ್ರಾಂ ಬರೆದವನು ಕೆಮ್ಮಣ್ಣ. ಮಾತಿಗೆ ಮುಂಚೆ ಕೆಮ್ಮುವುದರಿಂದ ಬಂದ ಹೆಸರು. ಯಾರ ಗುಂಡಿ ಒತ್ತಿದರೆ ಏನು ಸುರಿಯಬೇಕೆಂಬುದನ್ನು ಅವನು ಒಂದು ಡಿಕ್ಷನರಿಯಲ್ಲಿ, ಅಂದರೆ ತಲೆಗೊಂದು ಸಾಲಿನ ಪಟ್ಟಿಯಲ್ಲಿ, ಇಟ್ಟಿದ್ದ. ಪುಸ್ತಕದ ಡಿಕ್ಷನರಿಯಲ್ಲಿ ಪದಕ್ಕೆ ಅರ್ಥ, ಇದರಲ್ಲಿ ಪದವಿಗೆ ಸಕ್ಕರೆ. ಯಾರು ಬೇಕಾದರೂ ತಿದ್ದಬಹುದಿತ್ತು, ಅದೇ ಕುತ್ತು. ಅವತ್ತು ಪಕ್ಕದ ಮೇಜಿನ, ಎಲ್ಲರ ದನಿ ಅಣಕಿಸುವ ಮಿಮಿಕ್ರಿ ತನ್ನ ಸಾಲೆಂದುಕೊಂಡು ಮ್ಯಾನೇಜರರ ಸಾಲಿಗೆ ಸಕ್ಕರೆ ತುಂಬಿದ. ಮ್ಯಾನೇಜರರಿಗೋ ಆರು ವರ್ಷದಿಂದ ಸಕ್ಕರೆ ಕಾಯಿಲೆ.

"ಏನಪ್ಪಾ, ಇದು ಕಾಫಿನಾ, ಪಾಕಾನಾ?" ಅವರು ಕೆಮ್ಮಣ್ಣನ ಮುಂದೆ ಲೋಟ ಕುಕ್ಕಿದರು. "ಸಂಜೆಯೊಳಗೆ ಸರಿಮಾಡು. ಇಲ್ಲಾಂದ್ರೆ ನಾಳೆಯಿಂದ ಕಾಫಿ ಮನೇಲೇ ಕುಡಿ."

ಅವರು ಮರೆಯಾದೊಡನೆ ಮಿಮಿಕ್ರಿ ಅದೇ ದನಿಯಲ್ಲಿ, "ಪಾಕಾನಾ?" ಎಂದ.

ಕೆಮ್ಮಣ್ಣ ಕೆಮ್ಮಿದ. "ಈ ಡಿಕ್ಷನರೀನ ಫ್ರೀಜ್ ಮಾಡ್ಬಿಡ್ತೀನಿ."

"ಅಷ್ಟು ದಪ್ಪ ಪುಸ್ತಕ ಫ್ರಿಜ್ಜಲ್ಲಿ ಹಿಡಿಯುತ್ತೇನೋ?" ಎಂದಳು ರಿಸೆಪ್ಷನ್ನಿನ ಅಕ್ಕ.

"ಪುಸ್ತಕ ಅಲ್ಲಕ್ಕ. ಒಂದ್ಸಲ ಕಟ್ಟಿದ್ಮೇಲೆ ಬದಲಾಗದ ಪಟ್ಟಿ. ಬೇರೆ ರುಚಿ ಬೇಕಾದ್ರೆ ನಕಲು ಮಾಡ್ಕೊಂಡು ಅದನ್ನ ತಿದ್ಬೇಕು. ಮೂಲ ಹಾಗೇ ಇರುತ್ತೆ."

"ನಿನ್ನಾಣೆ, ಕೆಮ್ಮೊಂದೇ ಅರ್ಥ ಆಗಿದ್ದು."

ನಾಲ್ಕು ಗಂಟೆಗೆ ಕೆಮ್ಮಣ್ಣ ಮ್ಯಾನೇಜರರ ಸಾಲನ್ನು ಸೊನ್ನೆಗಿಳಿಸಿ ಪಟ್ಟಿಯನ್ನು ಹೆಪ್ಪುಗಟ್ಟಿಸಿದ. ಮಿಮಿಕ್ರಿ ಮತ್ತೆ ತಿದ್ದಲು ಹೋದರೆ ಪರದೆಯ ಮೇಲೆ ಕೆಂಪಕ್ಷರದ ಬೈಗುಳ.

"ನಮ್ಮ ತಾತನ ಹಠ ಕಣೋ ಇದಕ್ಕೆ. ಬಗ್ಗೋದೇ ಇಲ್ಲ," ಎಂದ ಅವನು.

ಮ್ಯಾನೇಜರರು ಒಂದು ಗುಟುಕು ಕುಡಿದರು. ಕಹಿ. ಮುಖ ಅರಳಿತು. "ಉಳಿಸಿದೆ ಕಣಪ್ಪ. ಈ ಉಪಕಾರ ಮರೆಯಲ್ಲ. ಇನ್ಮೇಲೆ ಆ ಪ್ರೋಗ್ರಾಮನ್ನ ಯಾರೂ ಮುಟ್ಟಕೂಡದು. ನೀನೂ." ಪಾಸ್‌ವರ್ಡನ್ನೂ ತಾವೇ ಬದಲಿಸಿದರು.

ಬೆನ್ನು ತಟ್ಟಿಸಿಕೊಂಡು, ಕೆಲಸ ಉಳಿದ ಖುಷಿಯಲ್ಲಿ, ಕೆಮ್ಮಣ್ಣ ತನ್ನ ಗುಂಡಿ ಒತ್ತಿದ. ಆವಿ ಬಂತು. ಬಿಸಿನೀರು ಬಂತು. ಕಾಫಿ ಬರಲಿಲ್ಲ.

ಅಕ್ಕ ಓಡಿ ಬಂದಳು. "ಬಂತಾ ಬಿಸಿನೀರು? ಬೆಳಿಗ್ಗೆಯಿಂದ ನೀನು ಕೆಮ್ಮಿ ಕೆಮ್ಮಿ ಸೊರಗ್ತಿದ್ದೆ. ನೋಡಕ್ಕಾಗ್ದೆ ಮೂರೂವರೆಗೆ ನಿನ್ನ ಸಾಲಲ್ಲಿ ಕಾಫಿ ತೆಗೆದು ಬಿಸಿನೀರು ಹಾಕ್ದೆ. ಇವತ್ತೊಂದಿನ ಅಷ್ಟೆ. ನಾಳೆ ಬದಲಾಯಿಸ್ಕೋ."

ಸಕ್ಕರೆಗೆ ಹಾಕಿದ ಬೀಗದೊಳಗೆ ಅಕ್ಕರೆಯೂ ಸಿಕ್ಕಿಬಿದ್ದಿತ್ತು. ಕೆಮ್ಮಣ್ಣ ಬಿಸಿನೀರು ಗುಟುಕರಿಸಿದ. ಗಂಟಲು ನಿಜಕ್ಕೂ ಹಗುರವಾಯಿತು.

"ಥ್ಯಾಂಕ್ಸ್ ಅಕ್ಕ," ಎಂದ, ಮೊದಲ ಸಲ ಕೆಮ್ಮದೆ, ಮನಸಾರೆ. "ನಾಳೆ..."

ಹಿಂದಿನಿಂದ ಮ್ಯಾನೇಜರರ ದನಿ ಕೇಳಿಸಿತು: "ಯಾರೂ ಮುಟ್ಟಕೂಡದು. ನೀನೂ."

ತಿರುಗಿದರೆ, ಮಿಮಿಕ್ರಿ ಕಾಫಿ ಹೀರುತ್ತಿದ್ದ.