ಸಲಹಪ್ಪನ ಸಮಾಜಸೇವೆ

ಫ್ರಿಜ್ಜಿನ ಬಾಗಿಲು ಹೇಗೆ ಮುಚ್ಚಬೇಕೆಂದು ಹೆಂಡತಿಗೆ ಹೇಳಿಕೊಡಲು ಹೋದದ್ದೇ ಸಲಹಪ್ಪನ ತಪ್ಪಾಯಿತು. ಸಲಹಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ಕೈಗೆ ಕೆಲಸ ತಪ್ಪಿ, ಅಷ್ಟೂ ಕೆಲಸ ಬಾಯಿಗೆ ಬಂದಿತ್ತು.

"ರೀ, ನಿಮ್ಮ ಬುದ್ಧಿಯೆಲ್ಲಾ ಮನೇಲೇ ಕೊಳೀತಾ ಇದೆ," ಎಂದಳು ಹೆಂಡತಿ, ಬಾಗಿಲನ್ನು ತನ್ನಿಷ್ಟದಂತೆಯೇ ಮುಚ್ಚುತ್ತ. "ಇವತ್ತು ಭಾನುವಾರ. ವೃದ್ಧಾಶ್ರಮಕ್ಕಾದ್ರೂ ಹೋಗ್ಬನ್ನಿ."

"ಯಾಕೆ, ಸೇರ್ಕೊಳ್ಳೋಕಾ?"

"ಸೇವೆಗೆ ರೀ."

ಎದುರುಮನೆಯ ಟೈಲರಮ್ಮ ಮಿಷನ್ ತುಳಿಯುವುದನ್ನು ನಿಲ್ಲಿಸಿ ಕಿಟಕಿಯಿಂದಲೇ ದನಿಗೂಡಿಸಿದಳು. "ಹೋಗಿ ಅಣ್ಣಾ. ಯಾರಾದ್ರೂ ಬರ್ತಾರಾ ಅಂತ ಪಾಪ ಕಾಯ್ತಿರ್ತಾರೆ. ಹೋದ್ವಾರ ನಮ್ಮ ಯಜಮಾನ್ರನ್ನೂ ಕಳಿಸಿದ್ದೆ."

ಸಲಹಪ್ಪನ ಎದೆ ಅರಳಿತು. ಆಫೀಸು ಬಿಟ್ಟ ದಿನದಿಂದ ತಾನು ಯಾರಿಗೂ ಬೇಡವಾದೆ ಎಂಬ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ತನ್ನಿಂದ ಉಪಕಾರವಾಯಿತೆಂದು ಒಬ್ಬರಾದರೂ ಹೇಳಿಯಾರೆಂಬ ಆಸೆಯಿಂದ ಸ್ಪ್ಯಾನರು, ದಿನಪತ್ರಿಕೆ ಚೀಲಕ್ಕೆ ತುಂಬಿಕೊಂಡು ಹೊರಟ.

ಆಶ್ರಮದ ಹಜಾರದಲ್ಲಿ ಇಬ್ಬರು ಅವನ ದಾರಿ ನೋಡುತ್ತಿದ್ದರು. ಒಬ್ಬಳು ಆಸ್ಪತ್ರೆಯಲ್ಲಿ ದುಡಿದು ಹಣ್ಣಾದ ನರ್ಸಮ್ಮ, ಇನ್ನೊಬ್ಬ ಬಸ್ಸಿನಲ್ಲೇ ಆಯುಸ್ಸು ಸವೆಸಿದ ಕಂಡಕ್ಟರ್ ತಾತ.

"ಬಾಪ್ಪಾ, ನಿನಗೇ ಕಾಯ್ತಿದ್ವಿ," ಎಂದ ತಾತ.

"ನೀವ್ಯಾರೂ ಏಳ್ಬೇಡಿ. ಇವತ್ತು ಎಲ್ಲಾ ನಾನೇ," ಎಂದ ಸಲಹಪ್ಪ.

ಮೂಲೆಯಲ್ಲೊಂದು ನಲ್ಲಿ ತೊಟ್ಟಿಕ್ಕುತ್ತಿತ್ತು. "ಅದರ ತಂಟೆಗೆ ಹೋಗ್ಬೇಡ, ನಾಳೆ ಪ್ಲಂಬರ್ ಬರ್ತಾನೆ," ಎಂದು ನರ್ಸಮ್ಮ ಹೇಳಿದಳು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಸಲಹಪ್ಪ ಸ್ಪ್ಯಾನರು ಹಾಕಿಯೇ ಬಿಟ್ಟ. ನಲ್ಲಿ ಕಳಚಿ ಕೈಗೆ ಬಂತು, ನೀರು ಮುಖಕ್ಕೆ ಬಂತು. ತಾತ ಕೋಲೂರಿಕೊಂಡು ಓಡಿ ವಾಲ್ವ್ ಬಂದ್ ಮಾಡಿದ. ನರ್ಸಮ್ಮ ಇವನ ತಲೆ ಒರೆಸಿ, ತಾತನ ಅಂಗಿ ತೊಡಿಸಿದಳು.

"ಶೀತ ಆದೀತು, ಬಿಸಿ ಹಾಲು ಕುಡಿ ಮಗಾ."

"ಸೇವೆ ಮಾಡೋಕೆ ಬಂದಿರೋನು ನಾನು," ಎಂದು ಗೊಣಗುತ್ತಲೇ ಸಲಹಪ್ಪ ಲೋಟ ಖಾಲಿ ಮಾಡಿದ.

ಪತ್ರಿಕೆ ಓದಿ ಹೇಳೋಣವೆಂದರೆ ಕನ್ನಡಕ ನೀರಿನ ಜೊತೆ ಮೋರಿ ಸೇರಿತ್ತು. ತಾತನೇ ಪತ್ರಿಕೆ ತೆಗೆದುಕೊಂಡು, ಸ್ಟಾಪು ಕೂಗುವ ಗಂಟಲಲ್ಲಿ ಇವನಿಗೆ ಓದಿ ಹೇಳಿದ. ಅಲ್ಲಿಗೂ ಬಿಡದೆ, ಸೊಂಟನೋವಿಗೆ ವ್ಯಾಯಾಮ ಕಲಿಸುತ್ತೇನೆಂದು ಸಲಹಪ್ಪ ಬಗ್ಗಿದ. ಬಗ್ಗಿದವನು ಮೇಲೇಳಲಿಲ್ಲ. ಮಡಚಿದ ಕುರ್ಚಿಯನ್ನು ಹೊರುವಂತೆ ಇಬ್ಬರೂ ಅವನನ್ನು ಹೊತ್ತು ಮಂಚಕ್ಕೆ ಹಾಕಿದರು.

ನರ್ಸಮ್ಮ ಮುಲಾಮು ತಿಕ್ಕಿದಳು, ತಾತ ಗಾಳಿ ಬೀಸಿದ. ಮುಲಾಮು ಯಾವ ದಿಕ್ಕಿಗೆ ತಿಕ್ಕಬೇಕು, ಬೀಸಣಿಗೆ ಎಲ್ಲಿ ಹಿಡಿಯಬೇಕು ಎಂದು ಸಲಹಪ್ಪ ಬೋರಲು ಮಲಗಿಯೇ ಹೇಳುತ್ತಿದ್ದ. ಕೊನೆಗೆ ನರ್ಸಮ್ಮ ಊಟವನ್ನೂ ತುತ್ತು ಮಾಡಿ ಬಾಯಿಗಿಟ್ಟಳು. ಬಾಯಿ ತುಂಬಿದ್ದಷ್ಟು ಹೊತ್ತು ಹಜಾರ ತಣ್ಣಗಿತ್ತು.

ಸಂಜೆ ಹೆಂಡತಿ ಆಟೋ ತಂದಳು. ಮಧ್ಯಾಹ್ನವಿಡೀ ಹಾಯಾಗಿ ನಿದ್ದೆ ಹೊಡೆದ ಕಳೆ ಅವಳ ಮುಖದಲ್ಲಿತ್ತು. ಸಲಹಪ್ಪ ಸೊಂಟ ಹಿಡಿದುಕೊಂಡೇ ಗಂಭೀರನಾದ.

"ಪಾಪ ಕಣೇ, ಇವರಿಗೆ ಯಾರಿದ್ದಾರೆ? ಇನ್ಮೇಲೆ ಪ್ರತಿ ಭಾನುವಾರ ಬರ್ತೀನಿ."

ತಾತ, ನರ್ಸಮ್ಮ ಮುಖ ಮುಖ ನೋಡಿಕೊಂಡರು. ತಾತ ಸಲಹಪ್ಪನ ಹೆಂಡತಿಗೆ ಕೈ ಮುಗಿದ.

"ನೋಡು ತಾಯಿ, ಸುಮ್ನೆ ಕೂತು ಊಟ ಮಾಡೋದ್ಯಾಕೆ, ಸಮಾಜಕ್ಕೆ ಏನಾದ್ರೂ ಮಾಡೋಣ ಅಂತ ನಾವೇ ಇದನ್ನ ಶುರು ಮಾಡಿದ್ವಿ. ರಿಟೈರಾದ ಗಂಡಸರನ್ನ ಭಾನುವಾರ ನಾವು ನೋಡ್ಕೊಂಡ್ರೆ, ಮನೆ ಹೆಣ್ಮಕ್ಕಳಿಗೆ ಒಂದಿನ ಉಸಿರಾಡೋಕೆ ಆಗುತ್ತೆ ಅಂತ."

ತಾನು ಮಾಡಲು ಬಂದ ಸೇವೆಯನ್ನು ಬೆಳಗಿನಿಂದ ಮಾಡಿಸಿಕೊಳ್ಳುತ್ತಿದ್ದೆನೆಂದು ತಿಳಿದು ಸಲಹಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಹೆಂಡತಿ ಮಾತ್ರ ಅವನತ್ತ ನೋಡದೆ, ಸಣ್ಣ ದನಿಯಲ್ಲಿ ಕೇಳಿದಳು. "ಮುಂದಿನ ವಾರಾನೂ ಕರ್ಕೊಂಡು ಬರ್ಲಾ ಅಮ್ಮಾ?"

"ಬೇಡಮ್ಮಾ," ಎಂದಳು ನರ್ಸಮ್ಮ, ಮುಲಾಮಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ನಾವು ಇವತ್ತಿಗೆ ಸೇವೆಯಿಂದ ನಿವೃತ್ತಿ ತಗೊಂಡ್ವಿ."